ಪಂಕ್ತಿಗೆ ಬಾರದವರು

ಮಲೆನಾಡಿನ ದೇವಸ್ಥಾನದಲ್ಲಿ ಊಟಕ್ಕೆ ಕೂತವರಿಗೆ ಗೊತ್ತು, ಅದರ ಸುಖವೇ ಬೇರೆ. ವರ್ಧಂತಿ ಇರಲಿ, ಕಾರ್ತೀಕದ ದೀಪೋತ್ಸವ ಇರಲಿ, ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಬಾಳೆಲೆ ಬೀಳುತ್ತದೆ. ಪಂಚೆ ಎತ್ತಿ ಕಟ್ಟಿ, ಶಾಲನ್ನು ಸೊಂಟಕ್ಕೆ ಬಿಗಿದು ಊರ ಹುಡುಗರು ಬಡಿಸಲು ನಿಲ್ಲುತ್ತಾರೆ. ಅನ್ನ, ಸಾರು, ಹುಳಿ, ಪಾಯಸ, ಕೊನೆಗೆ ಮಜ್ಜಿಗೆ. ‘ಸ್ವಲ್ಪ ಹಾಕ್ಸ್ಕಳಿ, ಬ್ಯಾಡ ಹೇಳಡಿ’ ಎಂಬ ಒತ್ತಾಯ ಬೇರೆ. ಎಷ್ಟು ಪಂಕ್ತಿ ಆಯಿತು, ಎಷ್ಟು ಜನ ಉಂಡರು ಎಂಬುದು ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗುತ್ತದೆ. ಎರಡು ದಿನ ಬಿಟ್ಟು ಪತ್ರಿಕೆಯಲ್ಲೂ ಬರುತ್ತದೆ.

ಊಟಕ್ಕೆ ಬಂದವರ ಲೆಕ್ಕ ಹೀಗೆ ಸಿಗುತ್ತದೆ. ಬಾರದವರ ಲೆಕ್ಕ?

ಅದನ್ನು ಯಾರೂ ಬರೆದಿಡುವುದಿಲ್ಲ. ಆದರೆ ಊಟ ಮುಗಿಸಿ ಏಳುವಾಗ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಯಾರೋ ಒಬ್ಬರು ಅಡಿಗೆಯವರ ಹತ್ತಿರ ಹೋಗಿ, ‘ಮನೇಲಿ ಆಯಿ ಇದ್ದು, ಬಪ್ಪಲೆ ಆಗ್ತಿಲ್ಲೆ’ ಎಂದು ಸಣ್ಣ ದನಿಯಲ್ಲಿ ಹೇಳುತ್ತಾರೆ. ಒಂದು ಬಾಳೆಲೆಯಲ್ಲಿ ಪ್ರಸಾದ ಕಟ್ಟಿಕೊಡುತ್ತಾರೆ. ಅಷ್ಟೆ. ಯಾರೂ ಇದನ್ನು ದೊಡ್ಡ ಸೇವೆ ಎಂದು ಕರೆಯುವುದಿಲ್ಲ. ನನಗೆ ಮಾತ್ರ, ಆ ದಿನದ ಸಾವಿರ ಎಲೆಗಳಿಗಿಂತ ಆ ಒಂದು ಪೊಟ್ಟಣವೇ ಹೆಚ್ಚಿನದಾಗಿ ಕಾಣುತ್ತದೆ. ಬರಲಾಗದವರಿಗೂ ಪಾಲು ಇದೆ, ಅದನ್ನು ಅವರಿದ್ದಲ್ಲಿಗೆ ಮುಟ್ಟಿಸಬೇಕು ಎಂಬ ತಿಳಿವಳಿಕೆ ಆ ಪೊಟ್ಟಣದಲ್ಲಿದೆ.

ಈ ವಾರ ಹೇಳಹೊರಟಿರುವುದು ಇದೇ ವಿಷಯ. ದೇವರ ಹೆಸರಿನಲ್ಲಿ ನಡೆಯುವ ಸೇವೆ ತನ್ನ ಬಾಗಿಲಿಗೆ ಬಂದವರಿಗೆ ಮಾತ್ರವೋ, ಬರಲಾಗದವರಿಗೂ ಉಂಟೋ?

ಯಲ್ಲಾಪುರ ತಾಲ್ಲೂಕಿನ ವಜ್ರಳ್ಳಿಯ ಕಡೆ ಹೋದವರಿಗೆ ಈ ಪ್ರಶ್ನೆ ತಾನಾಗಿಯೇ ಏಳುತ್ತದೆ. ಬಯಲುಸೀಮೆಯ ಊರೆಂದರೆ ಮನೆಗೆ ಮನೆ ತಾಗಿಕೊಂಡಿರುತ್ತದೆ. ಅಜ್ಜಿ ಬೆಳಿಗ್ಗೆ ಬಾಗಿಲು ತೆಗೆಯದಿದ್ದರೆ ಎಂಟು ಗಂಟೆಯೊಳಗೆ ಎದುರು ಮನೆಯವರು ಬಂದು ಕೇಳುತ್ತಾರೆ. ಇಲ್ಲಿ ಹಾಗಲ್ಲ. ಊರು ಎಂದರೆ ನಕ್ಷೆಯಲ್ಲಿ ಒಂದು ಹೆಸರು. ಮನೆಗಳು ಗುಡ್ಡಕ್ಕೊಂದು, ಕಣಿವೆಗೊಂದು. ನಡುವೆ ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಹಳ್ಳ, ಹಳ್ಳಕ್ಕೆ ಅಡ್ಡಲಾಗಿ ಮರದ ಸಂಕ. ಕೂಗಿದರೆ ಕೇಳಿಸುವಷ್ಟು ಹತ್ತಿರ ನೆರೆಮನೆ ಇದ್ದರೆ ಪುಣ್ಯ. ಆಷಾಢದಲ್ಲಿ ಮಳೆ ಹಿಡಿದರೆ ಆ ಕೂಗೂ ಕೇಳಿಸುವುದಿಲ್ಲ.

ಇಂಥ ಒಂಟಿಮನೆಗಳಲ್ಲಿ ಹಿಂದೆ ಜನರಿಗೆ ಕೊರತೆ ಇರಲಿಲ್ಲ. ಅಜ್ಜ, ಅಜ್ಜಿ, ಮೂರು ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಆಳುಕಾಳು. ಈಗ ಮಕ್ಕಳು ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಕೆಲವರು ಇನ್ನೂ ದೂರದ ದೇಶಗಳಲ್ಲಿ. ಮಾಳಿಗೆ ಮನೆಯಲ್ಲಿ ಉಳಿದಿರುವುದು ಎರಡು ಜೀವ. ಕೆಲವೆಡೆ ಒಂದೇ. ತೋಟ ಇದೆ, ಬ್ಯಾಂಕಿನಲ್ಲಿ ನಾಲ್ಕು ಕಾಸೂ ಇರಬಹುದು. ಅವರನ್ನು ಬಡವರೆಂದು ಯಾವ ಪಟ್ಟಿಯೂ ಒಪ್ಪುವುದಿಲ್ಲ. ಆದರೆ ಬಚ್ಚಲಲ್ಲಿ ಜಾರಿ ಬಿದ್ದರೆ ಎತ್ತುವವರಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದರೆ ತರುವವರಿಲ್ಲ.

ಇನ್ನೊಂದು ಬಗೆಯ ಮನೆಗಳಿವೆ. ತೋಟದ ಅಂಚಿನಲ್ಲಿ, ಕಾಡಿನ ಒಳಗೆ, ಮಣ್ಣಿನ ಗೋಡೆಯವು. ಸಿದ್ದಿಗಳ, ಕುಣಬಿಗಳ, ಗೌಳಿಗಳ ಮನೆಗಳು. ಅಡಿಕೆ ತೋಟದ ಕೆಲಸಕ್ಕೆ ಕೈಯಾಗಿ ಬದುಕಿದವರಲ್ಲಿ ಸಿದ್ದಿಗಳು ಬಹಳ. ಮೈಯಲ್ಲಿ ಕಸುವಿದ್ದಷ್ಟು ದಿನ ಕೆಲಸ, ಕೆಲಸವಿದ್ದಷ್ಟು ದಿನ ಗಂಜಿ. ಮೈ ಸೋತ ಮೇಲೆ ಏನು? ಅವರ ಮಕ್ಕಳೂ ಕೂಲಿಗೆ ಘಟ್ಟ ಇಳಿಯುತ್ತಾರೆ, ಪೇಟೆಗೆ ಹೋಗುತ್ತಾರೆ. ಅಲ್ಲಿಯೂ ಒಬ್ಬ ಮುದುಕಿ ಒಬ್ಬಳೇ ಉಳಿಯುತ್ತಾಳೆ. ಮಾಳಿಗೆ ಮನೆಯ ಆಯಿ, ಮಣ್ಣಿನ ಮನೆಯ ಸಿದ್ದಿ ಅಜ್ಜಿ ಇಬ್ಬರ ಸ್ಥಿತಿಗತಿಯಲ್ಲಿ ಅಜಗಜಾಂತರ. ಆದರೆ ಮಳೆಗಾಲದ ಒಂದು ರಾತ್ರಿ ಎದೆ ಹಿಡಿದುಕೊಂಡರೆ ಇಬ್ಬರಿಗೂ ದಿಕ್ಕಿಲ್ಲ.

‘ಸರ್ಕಾರ ಇಲ್ಲವೇ?’ ಎಂದು ನೀವು ಕೇಳಬಹುದು. ಇದೆ. ಅದನ್ನು ಅಲ್ಲಗಳೆದು ಮಾತಾಡುವುದು ನ್ಯಾಯವಲ್ಲ. 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಬಂದಾಗ ತಿಂಗಳಿಗೆ ಸಿಗುತ್ತಿದ್ದುದು 400 ರೂಪಾಯಿ. 2021ರಲ್ಲಿ ಅದು 1,200 ಆಯಿತು. ವಿಧವೆಯರಿಗೆ, ಅಂಗವಿಕಲರಿಗೆ ಬೇರೆ ಪಿಂಚಣಿ ಇದೆ. 2013ರಿಂದ ಅನ್ನಭಾಗ್ಯದ ಅಕ್ಕಿ ಇದೆ. 2023ರಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಸೇರಿಕೊಂಡಿತು. ನಲವತ್ತು ವರ್ಷದ ಹಿಂದಿನ ಹಸಿವು ಈಗ ಇಲ್ಲ ಎಂದರೆ ಅದರಲ್ಲಿ ಇವುಗಳ ಪಾಲು ದೊಡ್ಡದು.

ಆದರೆ ಈ ನಡುವೆ ಒಂದು ಬದಲಾವಣೆ ಸದ್ದಿಲ್ಲದೆ ಆಗಿಹೋಯಿತು. ಹಿಂದೆ ಪಿಂಚಣಿ ಮನಿಯಾರ್ಡರಿನಲ್ಲಿ ಬರುತ್ತಿತ್ತು. ಪೋಸ್ಟ್‌ಮನ್ ಕೊಡೆ ಹಿಡಿದು, ಸಂಕ ದಾಟಿ, ಅಂಗಳಕ್ಕೆ ಬಂದು ‘ಅಜ್ಜೀ, ದುಡ್ಡು ಬಂತು’ ಎನ್ನುತ್ತಿದ್ದ. ಹೆಬ್ಬೆಟ್ಟು ಒತ್ತಿಸಿಕೊಂಡು, ಎಣಿಸಿ ಕೊಟ್ಟು, ಒಂದು ಲೋಟ ಆಸರಿ ಕುಡಿದು, ಊರಿನ ನಾಲ್ಕು ಸುದ್ದಿ ಹೇಳಿ ಹೋಗುತ್ತಿದ್ದ. ಕೆಲವರು ಐದೋ ಹತ್ತೋ ಇಟ್ಟುಕೊಳ್ಳುತ್ತಿದ್ದರು ಎಂಬ ದೂರೂ ಇತ್ತು. ಅದಕ್ಕೆ ಮದ್ದು ಎಂದು ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಹೋಗುವಂತಾಯಿತು. ಸೋರಿಕೆ ನಿಂತಿತು, ಒಳ್ಳೆಯದೇ. ಜತೆಗೆ, ತಿಂಗಳಿಗೊಮ್ಮೆ ಆ ಅಂಗಳಕ್ಕೆ ಕಾಲಿಡುತ್ತಿದ್ದ ಒಬ್ಬ ಮನುಷ್ಯನೂ ನಿಂತುಹೋದ. ಹಣಕ್ಕೆ ಈಗ ಕಾಲು ಬೇಡ. ಆದರೆ ಅಜ್ಜಿಗೆ ಬೇಕು. ಬ್ಯಾಂಕಿರುವ ಊರಿಗೆ ಆಕೆಯೇ ಹೋಗಬೇಕು.

ರೇಷನ್ನಿನ ಕಥೆಯೂ ಹೀಗೆಯೇ. ಅಡಿಕೆ ಸುಲಿದು, ಕತ್ತಿ ಹಿಡಿದು, ಸೊಪ್ಪು ಕಡಿದು ಸವೆದ ಬೆರಳು. ಸೊಸೈಟಿಯ ಯಂತ್ರದ ಮೇಲೆ ಒತ್ತಿದರೆ ಅದು ಗುರುತು ಹಿಡಿಯುವುದಿಲ್ಲ. ಗುರುತು ಹಿಡಿದ ದಿನ ನೆಟ್‌ವರ್ಕ್ ಇರುವುದಿಲ್ಲ. ಆಧಾರಿನಲ್ಲಿ ಹೆಸರು ಒಂದು ಥರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ. ತಿದ್ದಿಸಲು ಯಲ್ಲಾಪುರಕ್ಕೆ ಒಂದು ಓಡಾಟ, ಮತ್ತೆ ಒಂದು ಓಡಾಟ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇತ್ತು. ಈಗ ಪೂಜಾರಿ ಕೊಟ್ಟರೂ ಯಂತ್ರ ಕೊಡ.

ಬಾಯಿದ್ದವ ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಬಾಯಿ ಇದ್ದವರು ಪಂಚಾಯ್ತಿಗೆ ಹೋಗಿ ಕೂಗಾಡಿಯಾದರೂ ತಮ್ಮದನ್ನು ಪಡೆಯುತ್ತಾರೆ. ಬಾಯಿ ಇಲ್ಲದವರ ಪರವಾಗಿ ಬಾಯಾಗುವವರು, ಕಾಲಿಲ್ಲದವರ ಪರವಾಗಿ ಕಾಲಾಗುವವರು ಬೇಕು. ಆಶಾ ಕಾರ್ಯಕರ್ತೆಯರಿದ್ದಾರೆ, ನಿಜ. ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರು ಎಂಬುದು ಲೆಕ್ಕ. ಬಯಲಿನಲ್ಲಿ ಸಾವಿರ ಜನ ಎಂದರೆ ನಾಲ್ಕು ಓಣಿ. ಇಲ್ಲಿ ಎಷ್ಟೋ ಗುಡ್ಡ. ಬಸುರಿ, ಬಾಣಂತಿ, ಚುಚ್ಚುಮದ್ದು ನೋಡಿಕೊಳ್ಳುವಷ್ಟರಲ್ಲೇ ಅವರ ದಿನ ಮುಗಿಯುತ್ತದೆ. ಹಿರಿಯ ನಾಗರಿಕರ ರಕ್ಷಣೆಗೆ 2007ರ ಕಾಯಿದೆಯೂ ಇದೆ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಕಚೇರಿ ಶಿರಸಿಯಲ್ಲಿ. ಆದರೆ ಯಾವ ತಾಯಿ ಶಿರಸಿಗೆ ಹೋಗಿ ಮಗನ ಮೇಲೆ ಅರ್ಜಿ ಕೊಡುತ್ತಾಳೆ, ಹೇಳಿ!

ಈ ಜಾಗದಲ್ಲಿಯೇ ಮಠ, ಮಂದಿರ, ಇಗರ್ಜಿ, ಮಸೀದಿಗಳ ಪ್ರಶ್ನೆ ಬರುವುದು. ಸರ್ಕಾರದ ಕಾಲು ತಲುಪದ ಮನೆಗೂ ನಂಬಿಕೆಯ ದಾರಿಯೊಂದು ಇದ್ದೇ ಇರುತ್ತದೆ. ವರ್ಷಕ್ಕೊಮ್ಮೆ ದೇವಸ್ಥಾನದ ವಂತಿಗೆ ಎತ್ತಲು ಹೋಗುವವರಿಗೆ ಎಲ್ಲ ಮನೆಗಳೂ ಗೊತ್ತು. ವಂತಿಗೆ ಕೇಳಲು ಹತ್ತಿದ ಮೆಟ್ಟಿಲನ್ನು ಕ್ಷೇಮ ಕೇಳಲು ಹತ್ತುವುದು ಸಾಧ್ಯವಿಲ್ಲವೇ?

ನಮ್ಮ ನಾಡಿನಲ್ಲಿ ಇದಕ್ಕೆ ಮೇಲ್ಪಂಕ್ತಿಗಳಿಗೆ ಬರವಿಲ್ಲ. ಯಲ್ಲಾಪುರದಿಂದ ಹುಬ್ಬಳ್ಳಿ ದಾಟಿ ಸ್ವಲ್ಪ ಮುಂದೆ ಹೋದರೆ ಗದಗ. ಅಲ್ಲಿಯ ವೀರೇಶ್ವರ ಪುಣ್ಯಾಶ್ರಮ ಯಾರಿಗೆ ಗೊತ್ತಿಲ್ಲ? ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ ಕುಮಾರ ಸ್ವಾಮಿಗಳ ಆಸರೆಯಿಂದ ಅವರು ಸಂಗೀತ ಕಲಿತರು. ತಾವು ಪಡೆದ ಆಸರೆಯನ್ನು ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳಿಗೆ ದಾಟಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಹೊಣೆ ಹೊತ್ತ ಪುಟ್ಟರಾಜ ಗವಾಯಿಗಳೂ ಅಂಧರೇ. 2010ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಮಕ್ಕಳ ತಂದೆಯಾಗಿದ್ದರು. ನಾಟಕ ಕಂಪನಿ ಕಟ್ಟಿ, ಊರೂರು ತಿರುಗಿ, ಆ ದುಡ್ಡಿನಲ್ಲಿ ಮಕ್ಕಳ ಹೊಟ್ಟೆ ತುಂಬಿಸಿದರು. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಕುರುಡು ಹುಡುಗನಿಗೆ ಅನ್ನ ಹಾಕಿದ್ದರೆ ಅವನು ದಿನವೂ ಅನ್ನಕ್ಕೆ ಬರುತ್ತಿದ್ದ. ಹಾರ್ಮೋನಿಯಂ ಕಲಿಸಿದ್ದರಿಂದ ಅವನು ತನ್ನ ಕಾಲ ಮೇಲೆ ನಿಂತು ಇನ್ನೊಬ್ಬನಿಗೆ ಕಲಿಸಿದ.

ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳದು ಇನ್ನೊಂದು ಮಾದರಿ. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ ಮಠದಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಮಕ್ಕಳು ಉಂಡು ಓದುತ್ತಿದ್ದರು. ಜಾತಿ ಕೇಳಿ ಎಲೆ ಹಾಕಿದ ಮಠ ಅದಲ್ಲ. ನಾವು ಆ ದೊಡ್ಡ ಅಡಿಗೆ ಮನೆಯನ್ನು, ಆರದ ಒಲೆಯನ್ನು ನೆನೆಯುತ್ತೇವೆ. ಆದರೆ ಒಲೆ ಉರಿಯುತ್ತಿದ್ದುದು ಭಿಕ್ಷೆಯಿಂದ. ಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ಸುತ್ತಿದರು. ಹಾಗೆ ಸುತ್ತಿದವರಿಗೆ ಯಾವ ಮನೆಯಲ್ಲಿ ಹುಡುಗ ಶಾಲೆ ಬಿಟ್ಟಿದ್ದಾನೆ, ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದು ಬೇರೆಯವರು ಹೇಳಬೇಕಾಗಿಲ್ಲ. ಹೊರಗೆ ನಡೆದ ಕಾಲುಗಳೇ ಒಳಗಿನ ಒಲೆಯನ್ನು ಉರಿಸಿದವು.

ಧರ್ಮಸ್ಥಳವನ್ನು ತೆಗೆದುಕೊಳ್ಳಿ. ದೇವರು ಮಂಜುನಾಥ, ಪೂಜೆ ಮಾಡುವವರು ವೈಷ್ಣವರು, ಹೆಗ್ಗಡೆಯವರ ಮನೆತನ ಜೈನ. ಅಲ್ಲಿ ಅನ್ನ, ಔಷಧ, ವಿದ್ಯೆ, ಅಭಯ ಎಂಬ ನಾಲ್ಕು ದಾನಗಳ ಮಾತು ಬಹಳ ಹಿಂದಿನದು. ಕ್ಷೇತ್ರಕ್ಕೆ ಬಂದವರಿಗೆ ಊಟ ಹಿಂದೆಯೂ ಇತ್ತು. 1982ರಲ್ಲಿ ಗ್ರಾಮಾಭಿವೃದ್ಧಿ ಯೋಜನೆ ಬೆಳ್ತಂಗಡಿ ತಾಲ್ಲೂಕಿನಲ್ಲಿ ಶುರುವಾದಾಗ ದಿಕ್ಕು ಬದಲಾಯಿತು. ಜನ ಕ್ಷೇತ್ರಕ್ಕೆ ಬರುವುದರ ಜತೆಗೆ ಕ್ಷೇತ್ರವೇ ಜನರ ಮನೆಗೆ ಹೋಗತೊಡಗಿತು. ನಮ್ಮ ಜಿಲ್ಲೆಗೂ ಅದು ಬಂದಿದೆ. ಅದರ ‘ವಾತ್ಸಲ್ಯ’ ಕಾರ್ಯಕ್ರಮದಲ್ಲಿ ದಿಕ್ಕಿಲ್ಲದ ವೃದ್ಧೆಯರಿಗೆ ಮನೆ ಕಟ್ಟಿಕೊಡುತ್ತಾರೆ, ಪಾತ್ರೆ, ಹಾಸಿಗೆ, ಹೊದಿಕೆ ಕೊಡುತ್ತಾರೆ, ತಿಂಗಳ ಮಾಸಾಶನ ಕೊಡುತ್ತಾರೆ. ಇದೇ ಸಂಸ್ಥೆಯ ಮೂಲಕ ಸ್ವಸಹಾಯ ಸಂಘಗಳಿಗೆ ಬ್ಯಾಂಕಿನ ಸಾಲವೂ ಹೋಗುತ್ತದೆ. ಎರಡನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗಬಾರದು. ವಾರ ವಾರ ಕಂತು ಕಟ್ಟಬಲ್ಲವಳಿಗೆ ಸಾಲ ಒಂದು ಏಣಿ. ಹಾಸಿಗೆ ಹಿಡಿದವಳು ಏಣಿ ಹತ್ತಲಾರಳು. ಅವಳ ಮಟ್ಟಿಗೆ ಸೇವೆ ಎಂದರೆ ಲೆಕ್ಕವಿಲ್ಲದ ಕೊಡುಗೆಯೇ ಸರಿ.

ಇನ್ನು ನಮ್ಮ ಜಿಲ್ಲೆಯ ಮಾತು. ಬೆಳಗಾವಿಯಿಂದ ಬೇರ್ಪಟ್ಟು ಕಾರವಾರ ಧರ್ಮಪ್ರಾಂತ ಆದದ್ದು 1976ರಲ್ಲಿ. ಕ್ರೈಸ್ತ ಪಾದ್ರಿಗಳು, ಸಿಸ್ಟರುಗಳು ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿಗಳ ನಡುವೆ ಶಾಲೆ, ಔಷಧ, ಸಂಘಟನೆಯ ಕೆಲಸ ಮಾಡುತ್ತ ಬಂದಿದ್ದಾರೆ. ಮುಂಡಗೋಡದ ಲೊಯೊಲಾ ವಿಕಾಸ ಕೇಂದ್ರ ಜೆಸ್ವಿಟರದು. ಸಿದ್ದಿ, ಗೌಳಿ, ಲಂಬಾಣಿ ಮಕ್ಕಳ ಓದಿಗೆ ಅದು ದುಡಿದಿದೆ. ವನವಾಸಿ ಕಲ್ಯಾಣದವರೂ ಇದೇ ಕಾಡಿನಲ್ಲಿ ಕೆಲಸ ಮಾಡಿದವರು. ಅಲ್ಲಿ ದುಡಿದ ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಸಿದ್ದಿ ಸಮುದಾಯದಿಂದ ಅಲ್ಲಿಗೆ ಹೋದ ಮೊದಲಿಗರು ಅವರು. ಮುಂಡಗೋಡದ ಟಿಬೆಟನ್ನರು 1966ರಲ್ಲಿ ಬಂದು ನೆಲೆಯೂರಿದವರು. ನಾಡನ್ನೇ ಕಳೆದುಕೊಂಡ ಆ ಜನ ತಮ್ಮ ಕ್ಯಾಂಪುಗಳಲ್ಲಿ ಬೌದ್ಧ ವಿಹಾರಗಳ ಜತೆಗೆ ವೃದ್ಧರಿಗೊಂದು ಮನೆಯನ್ನೂ ಮಾಡಿಕೊಂಡಿದ್ದಾರೆ. ಹಿಡಿ ಮಣ್ಣೂ ತಮ್ಮದಲ್ಲದ ಊರಿನಲ್ಲಿ ಮುದುಕರು ಅನಾಥರಾಗಬಾರದು ಎಂಬ ಎಚ್ಚರ ಅವರಿಗಿತ್ತು. ಮುಸಲ್ಮಾನರಲ್ಲಿ ಜಕಾತ್ ಇದೆ. ಉಳ್ಳವನ ಉಳಿತಾಯದಲ್ಲಿ ನೂರಕ್ಕೆ ಎರಡೂವರೆ ಇಲ್ಲದವನ ಹಕ್ಕು. ಕೊಡುವವನ ಮರ್ಜಿಗೆ ಬಿಟ್ಟ ಮಾತಲ್ಲ ಅದು. ಸೋಂದಾದ ಸ್ವರ್ಣವಲ್ಲಿ ಮಠದ ಶ್ರೀಗಳು ಬೇಡ್ತಿ ಕಣಿವೆಯ ಉಳಿವಿಗಾಗಿ ಮಠದ ಗೋಡೆಯಿಂದ ಹೊರಗೆ ಬಂದು ಜನರ ಮುಂದೆ ನಿಂತದ್ದು ನಮಗೆಲ್ಲ ಗೊತ್ತು. ಕಾಡಿಗಾಗಿ ಹೊರಗೆ ಬಂದ ಮಠ ಕಾಡಿನಂಚಿನ ಒಂಟಿಜೀವಗಳಿಗಾಗಿಯೂ ಬರಲಿ ಎಂದು ಶಿಷ್ಯರು ಕೇಳಿದರೆ ತಪ್ಪಾಗದು.

ಇಷ್ಟು ಹೊತ್ತಿಗೆ ಒಬ್ಬ ಓದುಗರಾದರೂ ಮುಖ ಸಿಂಡರಿಸಿರಬಹುದು. ‘ಸೇವೆಯ ಹೆಸರಿನಲ್ಲಿ ಮತಾಂತರ’ ಎಂದು ಒಬ್ಬರು, ‘ಕಲ್ಯಾಣದ ಹೆಸರಿನಲ್ಲಿ ಪಕ್ಷದ ಕೆಲಸ’ ಎಂದು ಇನ್ನೊಬ್ಬರು. ಈ ಜಗಳ ಹೊಸದಲ್ಲ. ಅದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ, ಸಿದ್ದಿಗಳನ್ನೇ ನೋಡಬಹುದು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಆದರೂ ಯಲ್ಲಾಪುರ ತಾಲ್ಲೂಕಿನ ಸಾತುಂಬೈಲಿನಲ್ಲಿ ಸಿದ್ದಿನಾಸನ ಪೂಜೆಗೆ ಮೂರೂ ಮತದವರು ಕೂಡುತ್ತಾರೆ. ಹಿರಿಯರ ನೆನಪು ಅವರನ್ನು ಒಂದುಗೂಡಿಸುತ್ತದೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರುವಾಗಲೂ ಅವರು ಸೇರಿದ್ದು ಸಿದ್ದಿಗಳೆಂದೇ. ಮೂರು ದೇವರ ಮಕ್ಕಳು ಒಂದೇ ಅಂಗಳದಲ್ಲಿ ಕುಣಿಯುವುದಾದರೆ, ಮೂರು ದೇವರ ಸೇವಕರು ಒಂದೇ ಅಜ್ಜಿಯ ಅಂಗಳಕ್ಕೆ ಬರುವುದು ಅಷ್ಟೇನೂ ಕಷ್ಟವಾಗಬಾರದು.

ಅಳತೆಗೋಲು ಸರಳವಾಗಿದೆ. ಕೊಡುವಾಗ ಕರಾರು ಇದೆಯೇ, ಇಲ್ಲವೇ? ‘ನಮ್ಮ ಪ್ರಾರ್ಥನೆಗೆ ಬಂದರೆ ಔಷಧ’ ಎಂದರೆ ಅದು ವ್ಯಾಪಾರ. ‘ನಮ್ಮ ಜಾತಿಯವರಾದರೆ ಸಹಾಯ’ ಎಂದರೂ ವ್ಯಾಪಾರವೇ. ಇದನ್ನು ನಾವು ಅನ್ಯರಿಗೆ ಹೇಳುವ ಮೊದಲು ನಮ್ಮ ಪಂಕ್ತಿಯನ್ನು ನೋಡಿಕೊಳ್ಳಬೇಕು. ಕೆಲವು ಕಡೆ ಒಳಗೊಂದು ಪಂಕ್ತಿ, ಹೊರಗೊಂದು ಪಂಕ್ತಿ ಇದ್ದ ಕಾಲ ಬಹಳ ಹಿಂದಿನದೇನಲ್ಲ. ತೋಟದಲ್ಲಿ ಇಡೀ ವರ್ಷ ದುಡಿದವನು ಉತ್ಸವದ ದಿನ ಅಂಗಳದ ಮೂಲೆಯಲ್ಲಿ ಉಂಡದ್ದನ್ನು ಕಂಡವರು ಇನ್ನೂ ಇದ್ದಾರೆ. ಪಂಕ್ತಿಗೆ ಬಾರದವರಲ್ಲಿ ಕಾಲಿಲ್ಲದೆ ಬಾರದವರು ಒಂದು ಪಾಲು. ಕರೆಯದೆ ಬಾರದವರು ಇನ್ನೊಂದು ಪಾಲು. ಎರಡನೆಯವರನ್ನು ಮುಟ್ಟಬೇಕಾದರೆ ಊರು ತನ್ನ ಮನಸ್ಸನ್ನೇ ಸ್ವಲ್ಪ ಅಗಲ ಮಾಡಿಕೊಳ್ಳಬೇಕಾಗುತ್ತದೆ.

ಹಾಗಾದರೆ ಒಂದು ಸಣ್ಣ ಊರಿನ ಸಣ್ಣ ದೇವಸ್ಥಾನ ಏನು ಮಾಡಬಹುದು? ಧರ್ಮಸ್ಥಳದ ಹಣ ನಮ್ಮಲ್ಲಿಲ್ಲ, ಸಿದ್ಧಗಂಗೆಯ ಸ್ವಾಮಿಗಳು ನಮ್ಮಲ್ಲಿಲ್ಲ ಎಂದು ಕೈಚೆಲ್ಲಬೇಕಾಗಿಲ್ಲ. ಬೇಕಾದದ್ದು ಇನ್ನೂರು ಪುಟದ ಒಂದು ನೋಟ್‌ಬುಕ್ಕು.

ಮೃಗಶಿರಾ ಮಳೆ ಹಿಡಿಯುವ ಮೊದಲು ಅದರಲ್ಲಿ ಬರೆಯಬೇಕು: ಯಾವ ಮನೆಯಲ್ಲಿ ಯಾರು ಒಬ್ಬರೇ ಇದ್ದಾರೆ, ಯಾರು ಹಾಸಿಗೆ ಹಿಡಿದಿದ್ದಾರೆ, ಯಾರಿಗೆ ಯಾವ ಮಾತ್ರೆ ತಪ್ಪಬಾರದು, ಮಗ ಎಲ್ಲಿದ್ದಾನೆ, ಅವನ ಫೋನ್ ನಂಬರೇನು, ಪಿಂಚಣಿ ಬರುತ್ತಿದೆಯೇ, ನಿಂತಿದ್ದರೆ ಯಾವ ಕಾಗದಕ್ಕಾಗಿ ನಿಂತಿದೆ. ಹತ್ತು ಮನೆಗೆ ಒಬ್ಬರು ಹೊಣೆ. ವಾರಕ್ಕೊಮ್ಮೆ ಹೋಗಿ ಬರಬೇಕು. ನಮ್ಮಲ್ಲಿ ಮಾತೃಮಂಡಳಿಗಳಿವೆ, ಭಜನಾ ಮಂಡಳಿಗಳಿವೆ, ಯುವಕ ಸಂಘಗಳಿವೆ. ಕುಂಕುಮಾರ್ಚನೆಗೆ ಒಟ್ಟಾಗುವ ಹೆಂಗಸರಿಗೆ ಯಾವ ಮನೆಯ ಅಟ್ಟದಲ್ಲಿ ಏನಿದೆ ಎಂಬುದೂ ಗೊತ್ತಿರುತ್ತದೆ. ಹೊಸ ಸಂಘ, ಹೊಸ ಬೋರ್ಡು, ಉದ್ಘಾಟನೆಗೆ ಮಂತ್ರಿಗಳು ಏನೂ ಬೇಡ. ಸಿದ್ದಿ ಕೇರಿಯ ಹುಡುಗಿಯೊಬ್ಬಳು, ಇಗರ್ಜಿಗೆ ಹೋಗುವವರೊಬ್ಬರು ಆ ಪುಸ್ತಕದ ಸುತ್ತ ಕೂರುವಂತಾಗಬೇಕು, ಅಷ್ಟೆ. ಇಲ್ಲದಿದ್ದರೆ ಅರ್ಧ ಊರಿನ ಹೆಸರೇ ಅದರಲ್ಲಿ ಬರುವುದಿಲ್ಲ.

ಇದರಿಂದ ಏನಾದೀತು ಎನ್ನುವವರು 2021ರ ಜುಲೈಯನ್ನು ನೆನೆಯಬೇಕು. ಆ ಮಳೆಗೆ ವಜ್ರಳ್ಳಿಯ ಕಡೆಯ ಕಳಚೆಯಲ್ಲಿ ಗುಡ್ಡವೇ ಕುಸಿದು ಬಂತು. ತೋಟ, ಮನೆ, ರಸ್ತೆ ಮಣ್ಣಿನಡಿ ಹೋದವು. ಅತ್ತ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಅಂಥ ದಿನ ತಾಲ್ಲೂಕು ಕೇಂದ್ರದ ಜೀಪಿಗಾಗಿ ಕಾದು ಕೂರಲಾಗದು. ದಾರಿಯೇ ಇಲ್ಲದ ಮೇಲೆ ಜೀಪು ಬರುವುದಾದರೂ ಎಲ್ಲಿಂದ? ಮೊದಲು ಬರಬೇಕಾದವರು ನೆರೆಯವರೇ. ನಡೆಯಲಾರದವರು ಯಾವ ಮನೆಯಲ್ಲಿದ್ದಾರೆ ಎಂಬುದು ಮೊದಲೇ ಗೊತ್ತಿದ್ದರೆ ನೆಟ್ಟಗೆ ಅಲ್ಲಿಗೆ ಓಡಬಹುದು. ಗೊತ್ತಿಲ್ಲದಿದ್ದರೆ ಮನೆ ಮನೆ ಹುಡುಕಬೇಕು. ಗುಡ್ಡ ಕುಸಿಯುವಾಗ ಹುಡುಕುವಷ್ಟು ಹೊತ್ತು ಸಿಗುವುದಿಲ್ಲ.

ಇಂಥ ಕೆಲಸಕ್ಕೆ ಎರಡು ಕಟ್ಟುಪಾಡುಗಳಿರಬೇಕು. ಮೊದಲನೆಯದು, ಆ ಪುಸ್ತಕವನ್ನು ಮೈಕಿನಲ್ಲಿ ಓದಬಾರದು. ಮಾಳಿಗೆ ಮನೆಯ ಆಯಿಗೆ ಮಗ ಹಣ ಕಳಿಸುತ್ತಿಲ್ಲ ಎಂಬುದು ಊರಿನ ಕಟ್ಟೆಯ ಹರಟೆಯಾದರೆ, ಮರುದಿನ ಆಕೆ ಬಾಗಿಲು ತೆಗೆಯುವುದಿಲ್ಲ. ಬಡತನವನ್ನಾದರೂ ಸಹಿಸಿಯಾರು, ಅವಮಾನವನ್ನು ಸಹಿಸರು. ಎರಡನೆಯದು, ಫೋಟೋ ಬೇಡ. ಒಂದು ಕಂಬಳಿ ಕೊಡಲು ಏಳು ಜನ ಸಾಲಾಗಿ ನಿಂತು, ಅಜ್ಜಿಯನ್ನು ನಡುವೆ ನಿಲ್ಲಿಸಿ ಫೋಟೋ ತೆಗೆಸುವ ಚಾಳಿ ಎಲ್ಲ ಮತದವರಲ್ಲೂ ಬೇರೂರಿದೆ. ಆ ಚಿತ್ರದಲ್ಲಿ ನಗುವವರು ಏಳು ಜನ, ತಲೆ ತಗ್ಗಿಸಿದವರು ಒಬ್ಬರೇ. ಕೊಡುವುದು ಗೊತ್ತಾಗದ ಹಾಗೆ ಕೊಡುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ‘ಹೆಚ್ಚಾಯ್ತು, ಹಾಳಾಗ್ತದೆ, ತಗೋ’ ಎಂದು ಅಕ್ಕಿ, ಬೆಲ್ಲ ಕಳಿಸುತ್ತಿದ್ದ ಅಜ್ಜಿಯಂದಿರಿದ್ದರು. ಆ ಸುಳ್ಳು ಎಷ್ಟೋ ಸತ್ಯಕ್ಕಿಂತ ದೊಡ್ಡದು.

‘ಇದೆಲ್ಲ ಮಾಡಲು ದೇವಸ್ಥಾನವೇ ಏಕೆ, ಸಂಘ ಸಂಸ್ಥೆಗಳು ಸಾಲವೇ?’ ಎಂದು ಕೇಳುವವರಿದ್ದಾರೆ. ಯಾರು ಮಾಡಿದರೂ ಸರಿಯೇ. ಆದರೆ ದೇವರ ಹೆಸರಿಗೆ ಒಂದು ಅನುಕೂಲ ಇದೆ. ಯೋಜನೆಗಳು ಬರುತ್ತವೆ, ಅವಧಿ ಮುಗಿದ ಮೇಲೆ ಹೋಗುತ್ತವೆ. ಸಂಘದ ಅಧ್ಯಕ್ಷರು ಬದಲಾದರೆ ಕಾರ್ಯಕ್ರಮವೂ ಬದಲಾಗುತ್ತದೆ. ದೇವರಿಗೆ ಮಾತ್ರ ದಿನವೂ ದೀಪ ಹಚ್ಚಲೇಬೇಕು. ಮಳೆ ಇರಲಿ, ಬಿಸಿಲಿರಲಿ, ಭಟ್ಟರು ಹೋಗಿ ಒಂದು ಗಿಂಡಿ ನೀರು ಹಾಕಿ ದೀಪ ಹಚ್ಚಿ ಬರುತ್ತಾರೆ. ಯಾರೂ ನೋಡುವುದಿಲ್ಲ, ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಆದರೂ ತಪ್ಪುವುದಿಲ್ಲ. ಮುದುಕರಿಗೆ, ರೋಗಿಗಳಿಗೆ ಬೇಕಾದ ಸೇವೆಯೂ ಇದೇ ಜಾತಿಯದು. ಒಂದು ದಿನದ ದೊಡ್ಡ ಉತ್ಸವದಿಂದ ಅವರಿಗೆ ಏನೂ ಆಗುವುದಿಲ್ಲ. ನಿತ್ಯಪೂಜೆಯ ಹಾಗೆ ತಪ್ಪದೆ ನಡೆಯುವ ಸಣ್ಣ ಕೆಲಸ ಬೇಕು. ಇದನ್ನು ಮಾಡಿ ಅಭ್ಯಾಸ ಇರುವುದು ದೇವಸ್ಥಾನಗಳಿಗೇ.

ನಾಲ್ಕು ದಾನಗಳ ಮಾತು ಆಗಲೇ ಬಂತಲ್ಲ. ಅನ್ನದ ಬಹುಪಾಲನ್ನು ಇಂದು ಸರ್ಕಾರ ಹೊತ್ತುಕೊಂಡಿದೆ. ಔಷಧಕ್ಕೆ, ವಿದ್ಯೆಗೆ ಆಸ್ಪತ್ರೆ, ಶಾಲೆಗಳಿವೆ, ಅವು ಹೇಗೇ ಇರಲಿ. ಅಭಯ ಮಾತ್ರ ಯಾವ ಇಲಾಖೆಯ ಪಟ್ಟಿಯಲ್ಲೂ ಇಲ್ಲ. ಅದನ್ನು ಖಾತೆಗೆ ಜಮಾ ಮಾಡಲು ಬರುವುದಿಲ್ಲ. ಗಾಳಿಗೆ ಕರೆಂಟು ಹೋಗಿ, ಹಂಚಿನ ಮೇಲೆ ಮಳೆ ಸುರಿಯುವ ರಾತ್ರಿಯಲ್ಲಿ ‘ನಾಳೆ ಯಾರಾದರೂ ಬಂದೇ ಬರುತ್ತಾರೆ’ ಎಂದುಕೊಂಡು ಕಣ್ಣು ಮುಚ್ಚುವ ಧೈರ್ಯ, ಅದೇ ಅಭಯ. ಅದನ್ನು ಕೊಡಲು ಹಣ ಬೇಡ. ಒಬ್ಬ ಮನುಷ್ಯ ಸಂಕ ದಾಟಿ ಹೋಗಿ ಬಾಗಿಲ ಬಳಿ ನಿಂತು, ‘ಅಜ್ಜೀ, ಹೇಗಿದ್ದಿ?’ ಎಂದು ಕೇಳಬೇಕು. ಮುಂದಿನ ವಾರ ಮತ್ತೆ ಹೋಗಬೇಕು.

ಬರುವ ದೀಪೋತ್ಸವಕ್ಕೂ ಪಂಕ್ತಿ ಬೀಳುತ್ತದೆ. ಸ್ವಯಂಸೇವಕರು ಎಲೆ ಎಣಿಸುತ್ತಾರೆ. ಆ ದಿನ ಬಡಿಸಲು ನಿಂತವರಲ್ಲಿ ಇಬ್ಬರು ಬಾಲ್ದಿ ಕೆಳಗಿಟ್ಟು, ಕೈ ತೊಳೆದುಕೊಂಡು, ಬಾರದವರ ಮನೆಗಳ ಕಡೆ ಹೊರಟರೆ ಪಂಕ್ತಿಯಲ್ಲಿ ಕೂತವರಿಗೆ ಪಾಯಸ ಸ್ವಲ್ಪ ತಡವಾಗಬಹುದು. ಅದರಿಂದ ದೇವರು ಬೇಸರಪಡುತ್ತಾನೆಂದು ನನಗನ್ನಿಸುವುದಿಲ್ಲ.